ಕಿವಿ ಆಪರೇಷನ್ ಆಯಿತು, ಕೇಳಿಸುವುದು ಯಾವಾಗ?

ಮಧ್ಯಕಿವಿಯ ಶಸ್ತ್ರಚಿಕಿತ್ಸೆ ಮುಗಿಸಿ, ತಲೆಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ವಾರ್ಡಿಗೆ ಬಂದವರನ್ನು ನೆಂಟರು ಮೊದಲು ಕೇಳುವುದು ನೋವಿನ ವಿಷಯವಲ್ಲ. ‘ಈಗ ಕೇಳುಸ್ತುದಾ?’ ಎಂದೇ ಕೇಳುತ್ತಾರೆ. ಕೇಳಿಸುವುದಿಲ್ಲ. ಎಷ್ಟೋ ಸಲ ಆಪರೇಷನ್‌ಗೆ ಮುಂಚೆ ಕೇಳುತ್ತಿದ್ದಷ್ಟೂ ಕೇಳಿಸುವುದಿಲ್ಲ. ಹದಿನೈದು ದಿನ ಕಳೆದರೂ ಹಾಗೇ ಇದ್ದರೆ ಮನೆಯಲ್ಲಿ ಗುಸುಗುಸು ಶುರುವಾಗುತ್ತದೆ. ಇದ್ದ ಕಿವಿಯನ್ನೂ ಕಳೆದರು ಎಂದು ಒಬ್ಬರು, ಇನ್ನೊಂದು ಆಸ್ಪತ್ರೆಗೆ ಹೋಗಬೇಕಿತ್ತು ಎಂದು ಇನ್ನೊಬ್ಬರು. ಈ ಬೇಸರದಲ್ಲೇ ಮುಂದಿನ ತಪಾಸಣೆಗೆ ಹೋಗುವುದು ತಪ್ಪುತ್ತದೆ. ನಿಜವಾಗಿ ನಷ್ಟವಾಗುವುದು ಅಲ್ಲಿಂದ.

ಮಧ್ಯಕಿವಿಯ ಆಪರೇಷನ್‌ಗೆ ಒಂದೆರಡು ಗಂಟೆ ಸಾಕು. ಶ್ರವಣ ಕುದುರಿಕೊಳ್ಳುವುದು ಅದರ ನಂತರದ ಮೂರು ತಿಂಗಳಲ್ಲಿ, ಅದೂ ಬಹುಪಾಲು ಮನೆಯಲ್ಲಿ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರ ಆ ಮೂರು ತಿಂಗಳಲ್ಲಿ ಬಾವಿ, ಕೆರೆ, ಅರಿಶಿನದ ಮೂಟೆ, ಚೆಂಡುಹೂವಿನ ಚೀಲ, ಊಟಿಯ ಘಟ್ಟದ ರಸ್ತೆ, ಜಾತ್ರೆಯ ತಮಟೆ ಎಲ್ಲ ಬರುತ್ತವೆ. ಡಿಸ್ಚಾರ್ಜ್ ಚೀಟಿಯಲ್ಲಿ ಇವುಗಳ ಹೆಸರಿರುವುದಿಲ್ಲ. ಅದರಲ್ಲಿ ‘ಕಿವಿಗೆ ನೀರು ತಾಗಿಸಬೇಡಿ, ಭಾರ ಎತ್ತಬೇಡಿ’ ಎಂಬ ಎರಡು ಸಾಲು ಇರುತ್ತದೆ, ಅಷ್ಟೇ.

ಮೊದಲು ಕಿವಿ ಕಟ್ಟಿಕೊಂಡಿರುವುದೇಕೆ ಎಂದು ನೋಡೋಣ. ಕಿವಿಯೊಳಗಿನ ತೂತಾದ ತಮಟೆಗೆ ತೇಪೆ ಹಾಕುವಾಗ ಅದು ಜಾರದಂತೆ ಒಳಗೂ ಹೊರಗೂ ಜೆಲ್‌ಫೋಮ್ ಎಂಬ ಸ್ಪಂಜಿನ ಚೂರುಗಳನ್ನು ತುಂಬಿರುತ್ತಾರೆ. ಅದರ ಮೇಲೆ ಕಿವಿಯ ಹೊರನಾಳದಲ್ಲಿ ಔಷಧಿ ಸವರಿದ ಬಟ್ಟೆಪಟ್ಟಿ ಇರುವುದೂ ಉಂಟು. ಗಾಳಿ ಆಡಬೇಕಾದ ಜಾಗದಲ್ಲಿ ಸ್ಪಂಜು, ರಕ್ತ, ನೀರು ತುಂಬಿರುವಾಗ ಶಬ್ದ ಒಳಹೋಗುವ ದಾರಿಯೇ ಇರುವುದಿಲ್ಲ. ಹೊರಗಿನ ಪಟ್ಟಿಯನ್ನು ಸಾಮಾನ್ಯವಾಗಿ ಒಂದರಿಂದ ಮೂರು ವಾರದೊಳಗೆ ಡಾಕ್ಟರು ತೆಗೆಯುತ್ತಾರೆ. ಒಳಗಿನ ಸ್ಪಂಜನ್ನು ಯಾರೂ ತೆಗೆಯುವುದಿಲ್ಲ, ಅದು ನಾಲ್ಕಾರು ವಾರದಲ್ಲಿ ತಾನೇ ಕರಗಬೇಕು. ಹಾಗೆ ಕರಗಿ ಗಾಳಿ ನುಗ್ಗಲು ಶುರುವಾದಾಗ ಕಿವಿಯೊಳಗೆ ಚಟಚಟ, ಗುಳುಗುಳು ಸದ್ದಾಗುತ್ತದೆ. ಏನೋ ಹರಿದುಹೋಯಿತು ಎಂದು ಗಾಬರಿಯಾಗುವವರಿದ್ದಾರೆ. ನೋವು, ತಲೆಸುತ್ತು, ಸೋರಿಕೆ ಇಲ್ಲದೆ ಬರುವ ಇಂಥ ಸದ್ದಿಗೆ ಹೆದರಬೇಕಾಗಿಲ್ಲ.

ಹಾಗಾದರೆ ಮೊದಲ ದಿನ ಕಿವಿ ಸರಿಯಿದೆಯೆಂದು ಡಾಕ್ಟರಿಗೆ ಹೇಗೆ ಗೊತ್ತಾಗುತ್ತದೆ? ವಾರ್ಡಿಗೆ ಬಂದವರು ಪಟ್ಟಿಯ ಮೇಲೆ ಬೆರಳಿನಿಂದ ಕೆರೆದು, ಕರಕರ ಸದ್ದು ಗೊತ್ತಾಗುತ್ತದೆಯೇ ಎಂದು ಕೇಳುವುದನ್ನು ಕೆಲವರು ನೋಡಿರಬಹುದು. ಶ್ರುತಿಕವೆಯನ್ನು ಮಿಡಿದು ಹಣೆಯ ನಡುವೆ ಇಟ್ಟು ಸದ್ದು ಯಾವ ಕಡೆ ಕೇಳಿಸುತ್ತದೆ ಎಂದೂ ವಿಚಾರಿಸುತ್ತಾರೆ. ಕಟ್ಟಿದ ಕಿವಿಯ ಕಡೆಗೇ ಅದು ವಾಲಿದರೆ ಸಮಾಧಾನ, ಒಳಗಿವಿ ಜೀವಂತವಾಗಿದೆ ಎಂದರ್ಥ. ಬಾಯಿ ಮುಚ್ಚಿ ‘ಮ್ಮ್’ ಎಂದು ಗುನುಗಿದಾಗ ನಿಮ್ಮದೇ ದನಿ ಆಪರೇಷನ್ ಆದ ಕಿವಿಯಲ್ಲಿ ಜೋರಾಗಿ ಮೊಳಗುವುದೂ ಇದೇ ಕಾರಣಕ್ಕೆ. ಕೈಯಿಂದ ಒಂದು ಕಿವಿ ಮುಚ್ಚಿಕೊಂಡು ಗುನುಗಿದರೆ ಯಾರಿಗಾದರೂ ಇದು ತಿಳಿಯುತ್ತದೆ.

ಎರಡು ಗೆರೆಗಳ ಕಾಗದ

ಎಷ್ಟು ಕೇಳಿಸಬಹುದು ಎಂಬ ಪ್ರಶ್ನೆಗೆ ಉತ್ತರ ಆಪರೇಷನ್‌ಗೆ ಮುಂಚೆಯೇ ನಿಮ್ಮ ಫೈಲಿನಲ್ಲಿರುತ್ತದೆ. ಆಡಿಯೋಗ್ರಾಂ ಎಂಬ ಆ ಗ್ರಾಫಿನ ಹಾಳೆಯನ್ನು ಬಹಳ ಮಂದಿ ಬಿಡಿಸಿಯೂ ನೋಡುವುದಿಲ್ಲ. ನೋಡಬೇಕು. ಕೆಂಪು ಬಣ್ಣದ ಸೊನ್ನೆಗಳು ಬಲಗಿವಿಗೆ, ನೀಲಿ ಬಣ್ಣದ ಗುಣಾಕಾರ ಚಿಹ್ನೆಗಳು ಎಡಗಿವಿಗೆ. ಇವು ಹೆಡ್‌ಫೋನಿನಿಂದ, ಅಂದರೆ ಗಾಳಿಯ ಮೂಲಕ ಕೇಳಿಸಿದ ಶಬ್ದದ ಗುರುತು. ಜೊತೆಗೆ ಕಂಸದಂಥ, ಬಾಣದ ತುದಿಯಂಥ ಇನ್ನೊಂದು ಬಗೆಯ ಗುರುತುಗಳಿರುತ್ತವೆ. ಅವು ಕಿವಿಯ ಹಿಂದಿನ ಎಲುಬಿಗೆ ಕಂಪನ ಕೊಟ್ಟು, ಮಧ್ಯಕಿವಿಯನ್ನು ದಾಟಿಸಿ, ಒಳಗಿವಿಯನ್ನು ನೇರವಾಗಿ ಪರೀಕ್ಷಿಸಿದ್ದು. ಗುರುತು ಕೆಳಗಿಳಿದಷ್ಟೂ ಶ್ರವಣ ಕಡಿಮೆ. ಎಲುಬಿನ ಗೆರೆ ಮೇಲೆ, ಗಾಳಿಯ ಗೆರೆ ಕೆಳಗೆ ಇದ್ದರೆ ನಡುವಿನ ಅಂತರವೇ ಆಪರೇಷನ್ ತುಂಬಿಕೊಡಬಹುದಾದ ಪಾಲು. ಎರಡೂ ಗೆರೆ ಜೊತೆಯಾಗಿ ಕೆಳಗಿಳಿದಿದ್ದರೆ ಒಳಗಿವಿಯ ನರವೇ ಸೋತಿದೆ. ತಮಟೆಯನ್ನು ಎಷ್ಟು ಚೆನ್ನಾಗಿ ಹೊಲಿದರೂ ಆ ಪಾಲು ಮರಳುವುದಿಲ್ಲ.

‘ನನ್ನ ಅಂತರ ಎಷ್ಟು ಡೆಸಿಬಲ್, ಎಷ್ಟು ತುಂಬಬಹುದು?’ ಎಂದು ಆಪರೇಷನ್‌ಗೆ ಒಪ್ಪಿಗೆ ಸಹಿ ಹಾಕುವ ಮುಂಚೆ ಕೇಳುವುದು ರೋಗಿಯ ಹಕ್ಕು. ಸಾಮಾನ್ಯ ಮಾತು ಸುಮಾರು 60 ಡೆಸಿಬಲ್, ಪಿಸುಮಾತು 30ರ ಆಸುಪಾಸು. ತಮಟೆಯಲ್ಲಿ ಬರೀ ತೂತಿದ್ದರೆ ಕೊರತೆ ಹೆಚ್ಚಾಗಿ 20ರಿಂದ 40 ಡೆಸಿಬಲ್‌ನೊಳಗಿರುತ್ತದೆ. ತಮಟೆ ಗಟ್ಟಿಯಿದ್ದು ಅದರ ಹಿಂದಿನ ಎಲುಬಿನ ಕೊಂಡಿ ಕಳಚಿದ್ದರೆ 60ರವರೆಗೂ ಹೋಗಬಹುದು.

ಆ ಕೊಂಡಿ ಎಂದರೆ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಎಲುಬು. ರಿಕಾಪು ಮೂರು ಮಿಲಿಮೀಟರಿನಷ್ಟೇ ಇರುವ, ದೇಹದಲ್ಲೇ ಅತಿ ಚಿಕ್ಕ ಎಲುಬು. ತಮಟೆಯ ವಿಸ್ತೀರ್ಣ ರಿಕಾಪಿನ ಪಾದದ್ದಕ್ಕಿಂತ ಸುಮಾರು 17 ಪಟ್ಟು ಹೆಚ್ಚು. ಸನ್ನೆಕೋಲಿನ ಲಾಭವೂ ಸೇರಿ ತಮಟೆಗೆ ಬಡಿದ ಶಬ್ದದ ಒತ್ತಡ ಒಳಗಿವಿಯ ನೀರಿಗೆ ತಲುಪುವಾಗ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿರುತ್ತದೆ. ಈ ಲಾಭ ತಪ್ಪಿದ್ದೇ ಕಿವಿ ಮಂದವಾದದ್ದಕ್ಕೆ ಕಾರಣ. ವರ್ಷಗಟ್ಟಲೆ ಸೋರಿದ ಕಿವಿಯಲ್ಲಿ ಮೊದಲು ಸವೆಯುವುದು ಸಾಮಾನ್ಯವಾಗಿ ಅಡಿಗಲ್ಲಿನ ಉದ್ದನೆಯ ಕಾಲು, ಏಕೆಂದರೆ ಅದಕ್ಕೆ ರಕ್ತದ ಸರಬರಾಜು ತೀರಾ ಕಡಿಮೆ.

ನಿಮಗೆ ಆದ ಆಪರೇಷನ್ ಯಾವುದು?

‘ಕಿವಿ ಆಪರೇಷನ್’ ಎಂಬ ಒಂದೇ ಹೆಸರಿನಲ್ಲಿ ನಾಲ್ಕೈದು ಬೇರೆ ಬೇರೆ ಕೆಲಸಗಳಿವೆ. ಪಕ್ಕದ ಹಾಸಿಗೆಯವರಿಗೆ ಹತ್ತು ದಿನಕ್ಕೆ ಕೇಳಿಸಿತೆಂದು ನಿಮಗೂ ಹಾಗೇ ಆಗಬೇಕೆಂದಿಲ್ಲ.

ಟಿಂಪನೋಪ್ಲಾಸ್ಟಿ ಅತಿ ಸಾಮಾನ್ಯವಾದದ್ದು. ಕಿವಿಯ ಮೇಲ್ಭಾಗದ ಕಣತಲೆಯ ಸ್ನಾಯುವಿನ ಮೇಲಿರುವ ತೆಳುಪೊರೆಯನ್ನೋ ಕಿವಿಯ ಮೃದ್ವಸ್ಥಿಯ ಚೂರನ್ನೋ ತೆಗೆದು ತಮಟೆಯ ತೂತಿಗೆ ಒಳಗಿನಿಂದ ಇಡುತ್ತಾರೆ. ಈ ತೇಪೆ ಅವರೆಬಳ್ಳಿಗೆ ಹಾಕಿದ ಚಪ್ಪರದಂತೆ: ಬಳ್ಳಿ ನಿಮ್ಮದೇ ಚರ್ಮ, ಅದು ತಾನೇ ಹಬ್ಬಿಕೊಳ್ಳಬೇಕು. ಹಬ್ಬಲು ಆರರಿಂದ ಎಂಟು ವಾರ ಬೇಕು. ಜರ್ಮನಿಯಲ್ಲಿ ವುಲ್‌ಸ್ಟೈನ್ ಮತ್ತು ಝೋಲ್ನರ್ 1950ರ ದಶಕದಲ್ಲಿ ಸೂಕ್ಷ್ಮದರ್ಶಕದಡಿ ರೂಢಿಗೆ ತಂದ ವಿಧಾನ ಇದು. ಅನುಭವಿ ಕೈಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ತೇಪೆಗಳು ಕೂಡಿಕೊಳ್ಳುತ್ತವೆ. ತೇಪೆ ಕೂಡಿಕೊಂಡವರಿಗೆಲ್ಲ ಶ್ರವಣವೂ ಅಷ್ಟೇ ಸುಧಾರಿಸುತ್ತದೆಂದಲ್ಲ. ಸೋರಿಕೆ ನಿಲ್ಲುವುದು ಮೊದಲ ಗೆಲುವು, ಕೇಳಿಸುವುದು ಎರಡನೆಯದು.

ಎಲುಬು ಸವೆದಿದ್ದರೆ ಅದನ್ನೇ ಕೆತ್ತಿ ಕೂರಿಸುತ್ತಾರೆ, ಇಲ್ಲವೇ ಟೈಟಾನಿಯಂ ಕೊಂಡಿ ಇಡುತ್ತಾರೆ. ಇದರ ಫಲ ನಿಧಾನ, ಏರುಪೇರೂ ಹೆಚ್ಚು. ಗಾಳಿಯ ಗೆರೆಗೂ ಎಲುಬಿನ ಗೆರೆಗೂ ಅಂತರ 20 ಡೆಸಿಬಲ್‌ನೊಳಗೆ ಬಂದರೆ ವೈದ್ಯರು ಯಶಸ್ಸು ಎನ್ನುತ್ತಾರೆ.

ರಿಕಾಪು ಬಿಗಿದುಕೊಳ್ಳುವ ಓಟೋಸ್ಕ್ಲೆರೋಸಿಸ್ ಕಾಯಿಲೆಯ ಕಥೆ ಬೇರೆ. ಅದಕ್ಕೆ ಮಾಡುವ ಸ್ಟೆಪಿಡೋಟಮಿಯಲ್ಲಿ ಪುಟಾಣಿ ಪಿಸ್ಟನ್ ಇಡುತ್ತಾರೆ. ಅಮೆರಿಕದ ಜಾನ್ ಶೀ 1956ರಲ್ಲಿ ಈ ದಾರಿ ತೆರೆದವರು. ಕೆಲವರಿಗೆ ದಿನಗಳಲ್ಲೇ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ವ್ಯತ್ಯಾಸ ತಿಳಿಯುತ್ತದೆ. ಮೊದಲ ದಿನಗಳ ತಲೆಸುತ್ತು ಇದರಲ್ಲೇ ಹೆಚ್ಚು. ನೂರರಲ್ಲಿ ಒಬ್ಬರಿಗೆ ಆ ಕಿವಿಯ ಶ್ರವಣ ಪೂರ್ತಿ ಹೋಗುವ ಅಪಾಯವೂ ಇದೆ. ಆದ್ದರಿಂದಲೇ ಹೆಚ್ಚು ಮಂದವಾದ ಕಿವಿಗೆ ಮೊದಲು ಮಾಡುತ್ತಾರೆ.

ಕೊನೆಯದು ಕೊಲೆಸ್ಟಿಯಟೋಮಾ, ಅಂದರೆ ಒಳಗೆ ಚರ್ಮ ಗಂಟಾಗಿ ಬೆಳೆದು ಎಲುಬನ್ನು ತಿನ್ನುವ ರೋಗ. ಕಡಿಮೆ ಸೋರಿದರೂ ಕೊಳೆತ ವಾಸನೆ ಬರುವುದು ಇದರ ಗುರುತು. ಮಿದುಳಿಗೂ ಮುಖದ ನರಕ್ಕೂ ಅಪಾಯ ಇರುವುದರಿಂದ ಇಲ್ಲಿ ಮ್ಯಾಸ್ಟಾಯಿಡ್ ಎಲುಬನ್ನು ಕೊರೆದು ರೋಗವನ್ನು ತೆಗೆಯುವುದೇ ಮುಖ್ಯ, ಶ್ರವಣ ಆಮೇಲಿನ ಮಾತು. ಇಂಥವರಿಗೆ ‘ಕೇಳಿಸುವುದು ಯಾವಾಗ’ ಎಂದು ಕಾಯುವುದಕ್ಕಿಂತ ‘ರೋಗ ಮರಳಿದೆಯೇ’ ಎಂದು ವರ್ಷಗಟ್ಟಲೆ ತೋರಿಸಿಕೊಳ್ಳುವುದು ದೊಡ್ಡದು. ಒಂಬತ್ತು ಹನ್ನೆರಡು ತಿಂಗಳಿಗೆ ಇನ್ನೊಮ್ಮೆ ತೆರೆದು ನೋಡಬೇಕೆಂದು ಡಾಕ್ಟರು ಹೇಳಿದರೆ ಅದು ಮೊದಲ ಆಪರೇಷನ್ ಕೆಟ್ಟಿತೆಂದಲ್ಲ.

ನೀರು, ಮೂಗು, ಮೂಟೆ

ಹೊಲಿಗೆ ಸಾಮಾನ್ಯವಾಗಿ ಏಳೆಂಟು ದಿನಕ್ಕೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ತಲೆಸ್ನಾನ ಬೇಡ. ಆಮೇಲೂ ಸುಮಾರು ಎರಡು ತಿಂಗಳು, ಡಾಕ್ಟರು ಸರಿ ಎನ್ನುವವರೆಗೆ, ಕಿವಿಯೊಳಗೆ ಹನಿ ನೀರೂ ಇಳಿಯಬಾರದು. ಹತ್ತಿಯ ಉಂಡೆಗೆ ವ್ಯಾಸಲೀನ್ ಚೆನ್ನಾಗಿ ಸವರಿ ಕಿವಿಯ ಬಾಯಿಗೆ ಇಟ್ಟು, ತಲೆಯನ್ನು ಹಿಂದಕ್ಕೆ ಬಾಗಿಸಿ, ಬೇರೆಯವರ ಕೈಯಲ್ಲಿ ನೀರು ಹುಯ್ಯಿಸಿಕೊಳ್ಳಬೇಕು. ಒಣ ಹತ್ತಿ ನೀರನ್ನು ತಡೆಯುವುದಿಲ್ಲ, ಹೀರಿ ಒಳಗೆ ಕಳಿಸುತ್ತದೆ. ಕೆರೆ, ಬಾವಿ, ಪಂಪ್‌ಸೆಟ್ಟಿನ ತೊಟ್ಟಿಯ ಈಜು ಈ ವರ್ಷಕ್ಕೆ ಮರೆತುಬಿಡುವುದು ಲೇಸು. ಮೈಸೂರಿನ ಆಸ್ಪತ್ರೆಯಿಂದ ಗುಂಡ್ಲುಪೇಟೆಗೆ ಬಂದರೂ ಚಾಮರಾಜನಗರಕ್ಕೆ ಬಂದರೂ ದಾರಿ ನಂಜನಗೂಡಿನ ಮೇಲೆಯೇ. ಹರಕೆ ತೀರಿಸಿಯೇ ಹೋಗೋಣ ಎಂದು ಕಪಿಲೆಯಲ್ಲಿ ಮುಳುಗು ಹಾಕುವ ಯೋಚನೆ ಯಾರಿಗಾದರೂ ಬರುತ್ತದೆ. ನಂಜುಂಡೇಶ್ವರನ ದರ್ಶನ ಮಾಡಿ, ಮುಳುಗನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಮಾದೇಶ್ವರನ ಬೆಟ್ಟದಲ್ಲಿ ಮುಡಿ ಕೊಡುವ ಹರಕೆಯೂ ಹಾಗೇ. ಕಿವಿಯ ಹಿಂದಿನ ಗಾಯದ ಮೇಲೆ ಕತ್ತಿ ಆಡುವುದು, ಕೂಡಲೇ ತಲೆಗೆ ನೀರು ಸುರಿಯುವುದು ಎರಡೂ ಸಲ್ಲ.

ಎಣ್ಣೆ ವಿಷಯದಲ್ಲಿ ಅಜ್ಜಿಯರ ಜೊತೆ ಜಗಳ ಆಗಿಯೇ ಆಗುತ್ತದೆ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆ, ಸೊಪ್ಪಿನ ರಸ ಯಾವುದೂ ಆಪರೇಷನ್ ಆದ ಕಿವಿಗೆ ಬೇಡ. ದೀಪಾವಳಿಯ ಎಣ್ಣೆಸ್ನಾನಕ್ಕೂ ಕಿವಿ ಬಿಟ್ಟು ಎಣ್ಣೆ ಹಚ್ಚಬಹುದು. ಗುಗ್ಗೆ ತೆಗೆಯಲು ಹೇರ್‌ಪಿನ್, ಬೆಂಕಿಕಡ್ಡಿ, ಹತ್ತಿಯ ಕಡ್ಡಿ ಹಾಕುವ ಚಟ ಇಲ್ಲಿಗೆ ನಿಲ್ಲಲಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದ ಕಿವಿಯ ಹನಿಯೂ ಬೇಡ. ಜೆಂಟಮೈಸಿನ್ ಜಾತಿಯ ಕೆಲವು ಹನಿಗಳು ತೂತಿನ ಮೂಲಕ ಇಳಿದರೆ ಒಳಗಿವಿಗೇ ವಿಷವಾಗಬಲ್ಲವು. ಡಾಕ್ಟರು ಬರೆದ ಹನಿಯನ್ನೂ ಶೀಸೆ ಅಂಗೈಯಲ್ಲಿ ಹಿಡಿದು ಬೆಚ್ಚಗಾದ ಮೇಲೆ ಹಾಕಬೇಕು. ತಣ್ಣಗಿದ್ದರೆ ತಲೆ ಗಿರ್ರೆನ್ನುತ್ತದೆ.

ಮೂಗಿಗೂ ಮಧ್ಯಕಿವಿಗೂ ಯೂಸ್ಟೇಶಿಯನ್ ನಾಳದ ಸಂಪರ್ಕ ಇದೆ. ಮೂಗು ಹಿಡಿದು ಜೋರಾಗಿ ಸೀಟಿದರೆ ಗಾಳಿ ನೇರ ತೇಪೆಯ ಕೆಳಗೆ ನುಗ್ಗುತ್ತದೆ. ಮೂರು ವಾರ ಮೂಗು ಸೀಟುವಂತಿಲ್ಲ, ಒರೆಸಿಕೊಳ್ಳಿ. ಸೀನು ಬಂದರೆ ತಡೆಯಬೇಡಿ, ಬಾಯಿ ಅಗಲ ತೆರೆದು ಸೀನಿಬಿಡಿ. ಕಿವಿ ಕಟ್ಟಿದೆಯೆಂದು ಮೂಗು ಒತ್ತಿ ಗಾಳಿ ಊದುವ ಪ್ರಯೋಗವನ್ನು ಡಾಕ್ಟರು ಹೇಳುವವರೆಗೆ ಮಾಡಬಾರದು. ರಾಗಿ ಒಕ್ಕಣೆಯ ಧೂಳು, ಅರಿಶಿನ ಪಾಲಿಶ್ ಮಾಡುವಾಗಿನ ಪುಡಿ, ಕರಿಕಲ್ಲು ಕ್ವಾರಿಯ ಹುಡಿ ಮೂಗಿಗೆ ಹೋದರೆ ಸೀನು ತಪ್ಪದು. ಆಪರೇಷನ್‌ಗೆ ದಿನ ಗೊತ್ತುಮಾಡುವಾಗಲೇ ಸುಗ್ಗಿಯನ್ನು ಲೆಕ್ಕಹಾಕಿದರೆ ಚೆನ್ನ. ಬೀಡಿ ಸಿಗರೇಟಿನ ಬಗ್ಗೆ ಉಪದೇಶ ಹೇಳಿ ಫಲವಿಲ್ಲ, ಒಂದು ಮಾತು ಮಾತ್ರ: ಸೇದುವವರಲ್ಲಿ ತೇಪೆ ಹಿಡಿಯದೆ ಹೋಗುವುದು ಹೆಚ್ಚು.

ಭಾರದ ವಿಷಯ ಮನೆಮಂದಿ ಮಾತಾಡಿಕೊಳ್ಳಬೇಕಾದ್ದು. ಉಸಿರು ಬಿಗಿಹಿಡಿದು ಎತ್ತುವ ಕೆಲಸ ನಾಲ್ಕಾರು ವಾರ ಬೇಡವೆಂದರೆ ಕೂಲಿಯವರಿಗೆ ಅಷ್ಟು ದಿನದ ಸಂಪಾದನೆ ಹೋಯಿತೆಂದರ್ಥ. ಹೂವು ಬಿಡಿಸಬಹುದು, ಚೀಲ ಹೊರಬಾರದು. ಹಸು ಕರೆಯಬಹುದು, ನೀರಿನ ಬಿಂದಿಗೆಯನ್ನು ಸೊಂಟಕ್ಕೇರಿಸುವುದು ಇನ್ನೊಬ್ಬರದು. ಮಲಬದ್ಧತೆಯಾಗಿ ತಿಣುಕುವುದೂ ಕಿವಿಗೆ ಭಾರ ಎತ್ತಿದಷ್ಟೇ ಒತ್ತಡ ತರುತ್ತದೆ, ಹಾಗಾಗಿ ಸೊಪ್ಪು, ನೀರು ಧಾರಾಳವಾಗಿರಲಿ.

ಪಥ್ಯ? ಬದನೆಕಾಯಿ ತಿಂದರೆ ಕೀವಾಗುತ್ತದೆ, ಮಾಂಸ ತಿಂದರೆ ಗಾಯ ಉಬ್ಬುತ್ತದೆ ಎಂಬುದಕ್ಕೆಲ್ಲ ಆಧಾರವಿಲ್ಲ. ಗಾಯ ಮಾಯಲು ಕಾಳು, ಮೊಟ್ಟೆ, ಮಾಂಸ ಬೇಕೇ ಬೇಕು. ಗಮನಿಸಬೇಕಾದ್ದು ಅಗಿಯುವುದನ್ನು. ತೇಪೆಗೆ ಪೊರೆ ತೆಗೆದದ್ದು ಅಗಿಯುವ ಸ್ನಾಯುವಿನ ಮೇಲಿಂದ, ಆದ್ದರಿಂದ ಎರಡು ವಾರ ದವಡೆ ನೋಯುತ್ತದೆ. ಚಕ್ಕುಲಿ, ಹುರಿಗಡಲೆ, ಅಡಿಕೆ ದೂರವಿರಲಿ. ನಮ್ಮ ಕಡೆಯ ರಾಗಿಮುದ್ದೆಯಂಥ ಆಹಾರ ಇನ್ನೊಂದಿಲ್ಲ, ಅಗಿಯುವ ಕೆಲಸವೇ ಇಲ್ಲದೆ ನುಂಗಬಹುದು.

ಬೈಕಿನ ಹೆಲ್ಮೆಟ್ ಕಿವಿಯ ಹಿಂದಿನ ಗಾಯವನ್ನು ಒತ್ತುತ್ತದೆ, ಹೆಲ್ಮೆಟ್ ಬಿಟ್ಟು ಓಡಿಸುವುದಂತೂ ಇಲ್ಲ. ಮೂರ್ನಾಲ್ಕು ವಾರ ಬಸ್ಸೇ ಸರಿ, ಕಿಟಕಿಯ ಗಾಳಿ ಆ ಕಿವಿಗೆ ಬಡಿಯದಂತೆ ಕೂತರಾಯಿತು. ಘಟ್ಟದ ರಸ್ತೆಗೆ ಬೇರೆಯೇ ಎಚ್ಚರ ಬೇಕು. ಗುಂಡ್ಲುಪೇಟೆಯವರಿಗೆ ಊಟಿ ಪಕ್ಕದ ಮನೆಯಿದ್ದಂತೆ, ಆದರೆ ಅದು ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರ. ಮಸಿನಗುಡಿಯಿಂದ ಕಲ್ಲಹಟ್ಟಿಯ 36 ತಿರುವುಗಳನ್ನು ಹತ್ತುವಾಗ ಆರೋಗ್ಯವಂತರ ಕಿವಿಯೇ ಗುಮ್ಮೆನ್ನುತ್ತದೆ. ವಿಮಾನ ಪ್ರಯಾಣವನ್ನು ನಾಲ್ಕಾರು ವಾರ ಮುಂದೂಡುವಂತೆ ಇದನ್ನೂ ಮುಂದೂಡಿ. ಹಿಮವದ್ ಗೋಪಾಲಸ್ವಾಮಿ ಬೆಟ್ಟವೂ ಸುಮಾರು 1,450 ಮೀಟರ್. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಮಾದೇಶ್ವರ ಬೆಟ್ಟದ ಸೀಮೆಯವರಿಗೆ ಮನೆಗೆ ಹೋಗಲು ಹತ್ತಲೇಬೇಕು. ಅವರು ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಲಿ. ನುಂಗಿದಾಗಲೆಲ್ಲ ಮೂಗಿನ ನಾಳ ತೆರೆದು ಒತ್ತಡ ಸಮವಾಗುತ್ತದೆ. ನೆಗಡಿ ಇದ್ದಾಗ ಮಾತ್ರ ಪ್ರಯಾಣ ಬೇಡ.

ಕಾಯಬಾರದ ಲಕ್ಷಣಗಳು

ಕಿವಿಯ ಹಿಂದೆ, ಕಿವಿಯ ಎಲೆಯಲ್ಲಿ ಜೋಮು ಕೆಲವು ತಿಂಗಳು ಇರಬಹುದು. ನಾಲಿಗೆಯ ಒಂದು ಬದಿಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ, ಸಾರಿಗೆ ಉಪ್ಪೇ ಇಲ್ಲವೆಂಬ ಅನುಮಾನವೂ ಇರಬಹುದು. ರುಚಿಯ ನರವೊಂದು ಸುತ್ತಿಗೆ, ಅಡಿಗಲ್ಲುಗಳ ನಡುವೆಯೇ ಹಾದುಹೋಗುವುದರಿಂದ ಹೀಗೆ, ಹೆಚ್ಚಿನವರಲ್ಲಿ ವಾರಗಳು ತಿಂಗಳುಗಳಲ್ಲಿ ಹೋಗುತ್ತದೆ. ಮೊದಲ ದಿನಗಳಲ್ಲಿ ಹತ್ತಿಗೆ ನಸುಗೆಂಪು ನೀರು ಹತ್ತುವುದೂ ಸಹಜ.

ಬಾಯಿ ಒಂದು ಕಡೆ ಸೊಟ್ಟಗಾದರೆ, ಕಣ್ಣು ಮುಚ್ಚಲಾಗದಿದ್ದರೆ, ಮನೆಯೇ ತಿರುಗಿದಂತಾಗಿ ವಾಂತಿ ನಿಲ್ಲದಿದ್ದರೆ, ಚಳಿಜ್ವರದೊಡನೆ ತಲೆನೋವು, ಕುತ್ತಿಗೆ ಬಿಗಿತ ಬಂದರೆ, ಕಿವಿಯ ಹಿಂದೆ ಊದಿಕೊಂಡರೆ, ದುರ್ವಾಸನೆಯ ಕೀವೋ ತಿಳಿನೀರೋ ಹರಿದರೆ, ಸ್ವಲ್ಪ ಕೇಳಿಸತೊಡಗಿದ್ದು ಹಠಾತ್ತನೆ ನಿಂತರೆ, ಮುಂದಿನ ತಪಾಸಣೆಯ ದಿನಾಂಕ ನೋಡುತ್ತ ಕೂರಬಾರದು. ಆ ದಿನವೇ ಹೊರಡಬೇಕು. ಒಳಗಿವಿ ಸೋಲುತ್ತಿರುವಾಗ ಔಷಧಿ ಕೆಲಸ ಮಾಡುವುದು ಮೊದಲ ಕೆಲವು ದಿನ ಮಾತ್ರ. 108 ಆಂಬುಲೆನ್ಸ್ ಇದೆ, ಸಲಹೆಗೆ 104 ಸಹಾಯವಾಣಿ ಇದೆ.

ಎಲ್ಲಿಗೆ ಹೋಗುವುದು? ಮೊದಲೆಲ್ಲ ಗಂಭೀರವಾದದ್ದಕ್ಕೆ 60 ಕಿಲೋಮೀಟರ್ ದೂರದ ಮೈಸೂರಿನ ಕೆ.ಆರ್. ಆಸ್ಪತ್ರೆಯೇ ಗತಿಯಾಗಿತ್ತು. 1997ರಲ್ಲಿ ಜಿಲ್ಲೆಯಾದ ಚಾಮರಾಜನಗರಕ್ಕೆ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಯಡಪುರದ ಅದರ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಹೊಲಿಗೆ ಬಿಚ್ಚಿಸುವುದು, ಗಾಯ ತೋರಿಸುವುದು ಮುಂತಾದವಕ್ಕೆ ಗುಂಡ್ಲುಪೇಟೆ ತಾಲ್ಲೂಕು ಆಸ್ಪತ್ರೆ ಸಾಕಾಗಬಹುದು. ಆದರೆ ಕಿವಿಯೊಳಗೆ ಸೂಕ್ಷ್ಮದರ್ಶಕದಲ್ಲಿ ನೋಡಿ ಶುಚಿ ಮಾಡುವುದು ಆಪರೇಷನ್ ಮಾಡಿದವರ ಕೈಯಲ್ಲೇ ಆದರೆ ಒಳ್ಳೆಯದು. ಒಳಗೆ ಏನಿಟ್ಟಿದ್ದಾರೆಂದು ಬಲ್ಲವರು ಅವರು.

ಖರ್ಚಿನ ಮಾತು ಚಿಕ್ಕದಾಗಿ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದಿದ್ದರೆ ರೆಫರಲ್ ಚೀಟಿ ಪಡೆದು ಖಾಸಗಿಗೆ ಹೋಗುವುದು ಕ್ರಮ. ಚೀಟಿಯಿಲ್ಲದೆ ಹೋಗಿ ಆಮೇಲೆ ಓಡಾಡುವವರೇ ಹೆಚ್ಚು.

ಶಬ್ದ ಮರಳಿದ ಮೇಲೆ

ಕೇಳಿಸತೊಡಗಿದಾಗ ಮೊದಲು ಬರುವುದು ಖುಷಿಯಲ್ಲ, ಕಿರಿಕಿರಿ. ಸ್ಟೀಲ್ ತಟ್ಟೆ ಬಿದ್ದ ಸದ್ದು, ಕುಕ್ಕರಿನ ವಿಶಲ್, ಬಸ್ಸಿನ ಹಾರ್ನ್ ಎಲ್ಲ ಚುಚ್ಚುತ್ತವೆ. ವರ್ಷಗಳ ಕಾಲ ಮಂದ ಶಬ್ದಕ್ಕೆ ಒಗ್ಗಿಹೋದ ಮಿದುಳಿಗೆ ಹೊಸ ಅಳತೆ ಕಲಿಯಲು ಕೆಲವು ವಾರ ಬೇಕು. ಅದಕ್ಕೆಂದು ಹತ್ತಿ ತುರುಕಿಕೊಂಡು ಕೂರಬೇಡಿ, ಮನೆಯ ಸಾಮಾನ್ಯ ಸದ್ದಿನಲ್ಲೇ ಇರಿ. ಆಷಾಢದ ಚಾಮರಾಜೇಶ್ವರ ರಥೋತ್ಸವದಲ್ಲಿ ತಮಟೆಯ ಪಕ್ಕ ನಿಲ್ಲುವುದು, ಪಟಾಕಿ, ಡಿಜೆ ಇವುಗಳಿಂದ ಮಾತ್ರ ದೂರವಿರಬೇಕು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಆನೆ ಓಡಿಸಲು ಪಟಾಕಿ ಸಿಡಿಸುತ್ತಾರೆ. ಆ ಕೆಲಸ ಸದ್ಯಕ್ಕೆ ಬೇರೆಯವರದಾಗಲಿ.

ಆನೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ, ನಗರದ ವೈದ್ಯರು ಸಾಮಾನ್ಯವಾಗಿ ಹೇಳದ್ದು. ಸದ್ದು ಯಾವ ದಿಕ್ಕಿನಿಂದ ಬಂತೆಂದು ಮಿದುಳು ತಿಳಿಯುವುದು ಎರಡು ಕಿವಿಗೂ ಅದು ತಲುಪುವ ಹೊತ್ತಿನ, ಜೋರಿನ ಅತಿಸೂಕ್ಷ್ಮ ವ್ಯತ್ಯಾಸದಿಂದ. ಒಂದು ಕಿವಿ ಕಟ್ಟಿಕೊಂಡಿರುವ ಈ ತಿಂಗಳುಗಳಲ್ಲಿ ಸದ್ದಾಯಿತೆಂದು ತಿಳಿಯುತ್ತದೆ, ಎಲ್ಲಿ ಎಂದು ತಿಳಿಯುವುದಿಲ್ಲ. ಹಂಗಳ, ಗೋಪಾಲಸ್ವಾಮಿ ಬೆಟ್ಟದ ಬುಡದ ಕಡೆ ರಾತ್ರಿ ಅಟ್ಟಣೆಯಲ್ಲಿ ಬೆಳೆ ಕಾಯುವವರಿಗೆ ಇದು ಜೀವದ ಪ್ರಶ್ನೆ. ರೆಂಬೆ ಮುರಿದ ಸದ್ದು ಎಡಕ್ಕೆ ಕೇಳಿಸಿತೆಂದು ಬಲಕ್ಕೆ ಓಡಿದರೆ ಆನೆ ಅಲ್ಲೇ ಇರಬಹುದು. ಎರಡೂ ಕಿವಿಯ ಶ್ರವಣ ಸರಿಸುಮಾರು ಸಮವಾಗುವವರೆಗೆ ಒಬ್ಬರೇ ಕಾವಲಿಗೆ ಹೋಗಬೇಡಿ. ಹೆದ್ದಾರಿ ದಾಟುವಾಗ ಕಿವಿಯನ್ನು ನಂಬದೆ ಎರಡೂ ಕಡೆ ತಿರುಗಿ ನೋಡಿ. ಕ್ವಾರಿಯಲ್ಲಿ ದುಡಿಯುವವರು ಕೆಲಸಕ್ಕೆ ಮರಳುವಾಗ ಕಿವಿ ಮುಚ್ಚುವ ಮಫ್ ಕೇಳಿ ಪಡೆಯಬೇಕು, ಆಪರೇಷನ್ ಆದ ಕಿವಿಗೂ ಆಗದ ಕಿವಿಗೂ.

ಮನೆಯವರು ಮಾಡಬೇಕಾದ್ದೂ ಇದೆ. ಕೂಗಬೇಡಿ, ಎದುರಿಗೆ ಬಂದು ನಿಧಾನವಾಗಿ ಮಾತಾಡಿ. ಟಿವಿ ಆರಿಸಿ ಮಾತಾಡಿ. ಶಾಲೆಯ ಮಗುವಾದರೆ ಮೇಷ್ಟ್ರಿಗೆ ಹೇಳಿ ಮುಂದಿನ ಬೆಂಚಿನಲ್ಲಿ, ಚೆನ್ನಾಗಿ ಕೇಳುವ ಕಿವಿ ಮೇಷ್ಟ್ರ ಕಡೆ ಬರುವಂತೆ ಕೂರಿಸಿ. ಮಕ್ಕಳಲ್ಲಿ ನೆಗಡಿ, ಅಡಿನಾಯ್ಡ್ ಹೆಚ್ಚಾಗಿರುವುದರಿಂದ ತೇಪೆ ಕೈಕೊಡುವ ಸಂಭವ ದೊಡ್ಡವರಿಗಿಂತ ಜಾಸ್ತಿ. ಎಷ್ಟೋ ವೈದ್ಯರು ಏಳೆಂಟು ವರ್ಷವಾಗಲಿ ಎಂದು ಕಾಯುವುದು ಅದಕ್ಕೇ.

ಮೂರು ತಿಂಗಳಿಗೆ ಹೊಸ ಆಡಿಯೋಗ್ರಾಂ ಮಾಡಿಸಿ ಹಳೆಯದರ ಪಕ್ಕ ಇಟ್ಟು ನೋಡಿ. ಗಾಳಿಯ ಗೆರೆ ಎಲುಬಿನ ಗೆರೆಯತ್ತ ಏರಿದೆಯೇ? ಏರಿದ್ದರೆ ಆರು ತಿಂಗಳಿಗೆ, ವರ್ಷಕ್ಕೆ ಮತ್ತೊಮ್ಮೆ. ಏರದಿದ್ದರೆ ಕಾರಣ ಕೇಳಿ: ತೇಪೆ ಹಿಡಿದಿಲ್ಲವೇ, ಎಲುಬಿನ ಕೊಂಡಿ ಜಾರಿದೆಯೇ, ಮೂಗಿನ ನಾಳ ಕಟ್ಟಿ ತಮಟೆ ಒಳಕ್ಕೆ ಎಳೆದಿದೆಯೇ, ನರವೇ ಸೋತಿದೆಯೇ? ಮೊದಲ ಮೂರಕ್ಕೆ ಆರು ತಿಂಗಳೋ ವರ್ಷವೋ ಬಿಟ್ಟು ಮತ್ತೆ ಪ್ರಯತ್ನಿಸಬಹುದು.

ನರದ ಪಾಲಿಗೆ ಶ್ರವಣ ಸಾಧನವೇ ದಾರಿ. ಸೋರುವ ಕಿವಿಗೆ ಅದನ್ನು ಹಾಕಿದರೆ ಅಚ್ಚು ತೇವವಾಗಿ ಸೋರಿಕೆ ಹೆಚ್ಚುತ್ತಿತ್ತು, ಒಣಗಿದ ಕಿವಿಗೆ ಆರಾಮಾಗಿ ಹಾಕಬಹುದು. ಆಪರೇಷನ್ ಗೆದ್ದಿತೋ ಸೋತಿತೋ ಎಂದು ಲೆಕ್ಕ ಹಾಕುವವರು ಈ ಲಾಭವನ್ನು ಬಿಟ್ಟುಬಿಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆ ಇಡೀ ದೇಶಕ್ಕೇ ಹೆಸರಾದದ್ದು, ನಮಗೆ ಒಂದೂವರೆ ಗಂಟೆಯ ಹಾದಿ. ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ ಅದು ಹೊರಸೇವಾ ಕೇಂದ್ರ ತೆರೆದದ್ದೂ ಉಂಟು. ಕೇಂದ್ರ ಸರ್ಕಾರದ ಆಡಿಪ್ ಯೋಜನೆಯಡಿ ಕಡಿಮೆ ಆದಾಯದವರಿಗೆ ಸಾಧನ ಉಚಿತವಾಗಿಯೋ ರಿಯಾಯಿತಿಯಲ್ಲೋ ಸಿಗುತ್ತದೆ, ಆದಾಯ ಪ್ರಮಾಣಪತ್ರ ಜೊತೆಗಿರಲಿ. ಅಂಗವಿಕಲತೆಯ ಗುರುತಿನ ಚೀಟಿಗೆ ಅರ್ಜಿ ಹಾಕುವವರು ತಿಳಿದಿರಬೇಕಾದ್ದು: 2016ರ ಕಾಯ್ದೆ ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ಕೊರತೆ ಇರುವವರನ್ನು ಮಂದ ಶ್ರವಣದವರೆನ್ನುತ್ತದೆ. ಒಂದೇ ಕಿವಿ ಕೆಟ್ಟವರು ಆ ಲೆಕ್ಕಕ್ಕೆ ಬರುವುದಿಲ್ಲ.

ಆಪರೇಷನ್‌ಗೆ ಮುಂಚಿನದು, ಮೂರು ತಿಂಗಳಿನದು, ವರ್ಷದ್ದು, ಹೀಗೆ ಎಲ್ಲ ಆಡಿಯೋಗ್ರಾಂಗಳನ್ನು ದಿನಾಂಕದ ಸಮೇತ ಒಂದೇ ಫೈಲಿನಲ್ಲಿಡಿ. ಡಿಸ್ಚಾರ್ಜ್ ಚೀಟಿಯ ಫೋಟೋವನ್ನು ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇಡಿ. ಒಳಗೆ ಪಿಸ್ಟನ್ನೋ ಟೈಟಾನಿಯಂ ಕೊಂಡಿಯೋ ಇದ್ದರೆ ಅದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ಎಂದಾದರೂ ಎಂಆರ್‌ಐ ಸ್ಕ್ಯಾನಿಗೆ ಮಲಗಿಸುವ ಮುಂಚೆ ಕೇಳುವ ಪ್ರಶ್ನೆ ಅದೇ.